ವಿಪಿಎನ್ ಕಾನ್ಫಿಗ್ ಫೈಲಿನ ಪರ್ಮಿಷನ್ 644 ಇದೆ, 600 ಮಾಡಿದರೆ ಸಾಕಾ?

ಪ್ರಶ್ನೆ:
ಲಿನಕ್ಸ್ ಸರ್ವರ್ ಒಂದರಲ್ಲಿ ವೈರ್‌ಗಾರ್ಡ್, ಓಪನ್‌ವಿಪಿಎನ್ ಎರಡೂ ವಿಪಿಎನ್‌ಗಳು ಇವೆ. ಕಾನ್ಫಿಗ್ ಫೈಲ್ 644, ಅಂದರೆ ಓನರ್ ಬರೆಯಬಹುದು, ಎಲ್ಲರೂ ಓದಬಹುದು. ಡಬ್ಲ್ಯುಜಿ-ಕ್ವಿಕ್ (ವೈರ್‌ಗಾರ್ಡ್ ಶುರುಮಾಡುವ ಕಮಾಂಡ್) ಅಪ್ ಮಾಡಿದಾಗ ಕಾನ್ಫಿಗ್ ‘ವರ್ಲ್ಡ್ ಆಕ್ಸೆಸಿಬಲ್’ ಅಂತ ವಾರ್ನಿಂಗ್ ಬರುತ್ತೆ. ಓಪನ್‌ವಿಪಿಎನ್ ಲಾಗ್‌ನಲ್ಲೂ ಕೀ ಫೈಲಿನ ಬಗ್ಗೆ ಅಂಥದ್ದೇ ಸಾಲು. ಸರ್ವರಿನಲ್ಲಿ ಬೇರೆಯವರಿಗೂ ಲಾಗಿನ್ ಇದೆ. 600 (ಓನರ್ ಮಾತ್ರ ಓದಿ ಬರೆಯಬಹುದು) ಮಾಡಿಬಿಟ್ಟರೆ ಮುಗೀತಾ? ಓಪನ್‌ವಿಪಿಎನ್ ‘ನೋಬಡಿ’ ಅನ್ನೋ ಅಧಿಕಾರವಿಲ್ಲದ ಯೂಸರ್ ಆಗಿ ಓಡ್ತಿದೆ, ಅದಕ್ಕೇನಾದರೂ ತೊಂದರೆ ಆಗುತ್ತಾ?

ಉತ್ತರ 1:
ಮುಗಿಯಲ್ಲ. ಡಬ್ಲ್ಯುಜಿ-ಕ್ವಿಕ್ ಫೈಲಿನ ಜೊತೆಗೆ ಫೋಲ್ಡರಿನ ಪರ್ಮಿಷನ್ನೂ ನೋಡುತ್ತೆ. ವಾರ್ನಿಂಗ್ ಬಂದಿದೆ ಅಂದರೆ ಎರಡೂ ತೆರೆದಿವೆ. ಓನರ್ ರೂಟ್ (ಅಡ್ಮಿನ್ ಯೂಸರ್), ಫೋಲ್ಡರ್ 700 (ಓನರ್ ಮಾತ್ರ ಒಳಹೋಗಬಹುದು), ಫೈಲ್ 600 ಮಾಡಿ. ಆದರೆ ಪ್ರೈವೇಟ್ ಕೀ ಇರೋದೇ ಆ ಫೈಲಿನಲ್ಲಿ, ಇಷ್ಟು ದಿನ ಯಾರು ಬೇಕಾದರೂ ಓದಿರಬಹುದು. ಸೋರಿದೆ ಅಂತಲೇ ಲೆಕ್ಕ ಹಾಕಿ ಕೀ ಬದಲಿಸಿ. ಹೊಸ ಫೈಲುಗಳು ಬೇರೆಯವರಿಗೆ ತೆರೆಯದ ಹಾಗೆ ಯೂಮಾಸ್ಕ್ 077 ಹಾಕಿ, ಆಮೇಲೆ ಹೊಸ ಕೀ ಮಾಡುವ ಜೆನ್‌ಕೀ ಕಮಾಂಡ್ ಓಡಿಸಿ. ಹೊಸ ಪಬ್ಲಿಕ್ ಕೀಯನ್ನು ಎಲ್ಲ ಪಿಯರ್‌ಗಳಿಗೂ (ಇದಕ್ಕೆ ಕನೆಕ್ಟ್ ಆಗುವ ಯಂತ್ರಗಳಿಗೂ) ಕೊಡಿ. ಕಾನ್ಫಿಗ್‌ನಲ್ಲಿ ‘ಸೇವ್‌ಕಾನ್ಫಿಗ್’ (ಡೌನ್ ಆಗುವಾಗ ಓಡುತ್ತಿರುವ ಸೆಟ್ಟಿಂಗನ್ನೇ ಫೈಲಿಗೆ ಬರೆಯೋದು) ಟ್ರೂ ಇದ್ದರೆ ಮೊದಲು ಇಂಟರ್‌ಫೇಸ್ ಡೌನ್ ಮಾಡಿ, ಇಲ್ಲವಾದರೆ ಡೌನ್ ಆಗುವಾಗ ಹಳೇ ಕೀಯೇ ಮತ್ತೆ ಬಂದು ಕೂರುತ್ತೆ.

ಓಪನ್‌ವಿಪಿಎನ್‌ಗೂ ಹೊಸ ಕೀ, ಹೊಸ ಸರ್ಟಿಫಿಕೇಟ್ ಬೇಕು, ಹಳೆಯದನ್ನು ರಿವೋಕ್ (ರದ್ದು) ಮಾಡಿ. ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಸಿಎ ಕೀ ಕೂಡ ಅಲ್ಲೇ ತೆರೆದು ಬಿದ್ದಿದ್ದರೆ ರಿವೋಕ್ ಮಾಡಿ ಪ್ರಯೋಜನವಿಲ್ಲ, ಇಡೀ ಸಿಎ ಹೊಸದಾಗಿ ಕಟ್ಟಬೇಕು.

ಉತ್ತರ 2:
‘ನೋಬಡಿ’ ವಿಚಾರಕ್ಕೆ: ಓಪನ್‌ವಿಪಿಎನ್ ಶುರುವಾಗುವಾಗ ರೂಟ್ ಆಗಿಯೇ ಕೀ ಓದಿ, ಆಮೇಲೆ ‘ನೋಬಡಿ’ಗೆ ಇಳಿಯುತ್ತೆ. ಹಾಗಾಗಿ 600 ಇದ್ದರೂ ಏಳುತ್ತೆ. ಕಾನ್ಫಿಗ್‌ನಲ್ಲಿ ‘ಪರ್ಸಿಸ್ಟ್-ಕೀ’ (ಕೀಯನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳೋದು) ಸಾಲು ಇದೆಯಾ ನೋಡಿಕೊಳ್ಳಿ. 2.7ಕ್ಕಿಂತ ಹಳೇ ಓಪನ್‌ವಿಪಿಎನ್‌ನಲ್ಲಿ ಅದು ಇಲ್ಲದಿದ್ದರೆ ಪಿಂಗ್ ತಪ್ಪಿ ತಾನಾಗೇ ರೀಸ್ಟಾರ್ಟ್ ಆಗುವಾಗ ‘ನೋಬಡಿ’ಯಾಗಿ ಕೀ ಓದಲು ಹೋಗಿ, ‘ಪರ್ಮಿಷನ್ ಡಿನೈಡ್’ ಅಂತ ಬಿದ್ದುಹೋಗುತ್ತೆ.

ಹೆಚ್ಚಿನವರು ಸಿಕ್ಕಿಬೀಳೋದು ಸಿಆರ್‌ಎಲ್ (ರದ್ದಾದ ಸರ್ಟಿಫಿಕೇಟ್‌ಗಳ ಪಟ್ಟಿ) ಫೈಲಿನಲ್ಲಿ. ಅದನ್ನು ಓಡುತ್ತಿರುವಾಗಲೂ ‘ನೋಬಡಿ’ಯೇ ಓದಬೇಕು. 700 ಫೋಲ್ಡರಿನೊಳಗೆ ಇಟ್ಟರೆ ಓದಲಾಗಲ್ಲ. ಅದರಲ್ಲಿ ಗುಟ್ಟೇನೂ ಇಲ್ಲ. ಬೇರೆ 755 (ಎಲ್ಲರೂ ಒಳಹೋಗಬಹುದಾದ) ಫೋಲ್ಡರಿನಲ್ಲಿ 644 ಮಾಡಿ ಇಡಿ. ದಯವಿಟ್ಟು ಸಿಎಚ್‌ಮಾಡ್ (ಪರ್ಮಿಷನ್ ಬದಲಿಸುವ ಕಮಾಂಡ್) 600 ಅನ್ನು ರಿಕರ್ಸಿವ್ ಆಗಿ, ಅಂದರೆ ಒಳಗಿನ ಎಲ್ಲದಕ್ಕೂ ಒಟ್ಟಿಗೆ, ಹೊಡೆಯಬೇಡಿ, ಫೋಲ್ಡರ್‌ಗಳ ಎಕ್ಸಿಕ್ಯೂಟ್ ಬಿಟ್ (ಒಳಹೋಗುವ ಅನುಮತಿ) ಹಾರಿಹೋಗುತ್ತೆ.

ಉತ್ತರ 3:
ಎಲ್ಲರೂ ಓದೋದರ ಬಗ್ಗೆಯೇ ಹೇಳ್ತಿದ್ದೀರಿ, ಬರೆಯೋದು ಇನ್ನೂ ಅಪಾಯ. ವೈರ್‌ಗಾರ್ಡ್ ಕಾನ್ಫಿಗ್‌ನ ‘ಪೋಸ್ಟ್‌ಅಪ್’ (ಇಂಟರ್‌ಫೇಸ್ ಎದ್ದ ಮೇಲೆ ಓಡುವ) ಸಾಲಿನ ಕಮಾಂಡ್ ಓಡೋದು ರೂಟ್ ಆಗಿ. ಕಾನ್ಫಿಗ್ ತಿದ್ದಲು ಸಾಧ್ಯವಿರುವವರಿಗೆಲ್ಲ ರೂಟ್ ಸಿಕ್ಕಂತೆಯೇ. ಆ ಸಾಲು ಕರೆಯುವ ಸ್ಕ್ರಿಪ್ಟ್‌ಗೂ ಇದೇ ಮಾತು. ಫೈಲ್ 600 ಇದ್ದರೂ ಮೇಲಿನ ಫೋಲ್ಡರಿಗೆ ಗ್ರೂಪ್ ರೈಟ್ ಇದ್ದರೆ, ಫೈಲನ್ನೇ ಅಳಿಸಿ ಬೇರೆಯದನ್ನು ಇಡಬಹುದು. ನೇಮ್‌ಐ ಕಮಾಂಡಿಗೆ ಹೈಫನ್ ಎಲ್ ಕೊಟ್ಟು ಓಡಿಸಿದರೆ ರೂಟ್ ಫೋಲ್ಡರಿನಿಂದ ಹಿಡಿದು ಒಂದೊಂದು ಹಂತದ ಓನರ್, ಪರ್ಮಿಷನ್ ಸಾಲಾಗಿ ಕಾಣುತ್ತೆ.

ಹಳೇ ಬ್ಯಾಕಪ್ ಕಾಪಿಗಳು, ಓಪನ್‌ವಿಪಿಎನ್ ಲಾಗಿನ್‌ನ ‘ಆತ್-ಯೂಸರ್-ಪಾಸ್’ ಸಾಲಿಗೆ ಕೊಟ್ಟ ಪಾಸ್‌ವರ್ಡ್ ಫೈಲ್, ಇವನ್ನೂ ಬಿಡಬೇಡಿ.