ಕೊಂಡ ಮೇಲೆ ಗೊತ್ತಾಯ್ತು ತಾರಸಿ ಸೋರುತ್ತೆ ಅಂತ: ಅನುಭವ ಇದ್ದವರು ದಯವಿಟ್ಟು ಹೇಳಿ

ಕೇಳಿದವರು, ಮೈಸೂರು
ಬೇಸಿಗೆಯಲ್ಲಿ ಇಪ್ಪತ್ತೈದು ವರ್ಷ ಹಳೆಯ ಮನೆ ಕೊಂಡೆವು. ನೋಡಲು ಹೋದಾಗ ಹೊಸ ಬಣ್ಣ, ಹಾಲ್‌ಗೆ ಪೂರ್ತಿ ಪಿಒಪಿ ಫಾಲ್ಸ್ ಸೀಲಿಂಗ್, ಎಲ್ಲೂ ಒಂದು ಕಲೆ ಇರಲಿಲ್ಲ. ಮಳೆ ಹಿಡಿದ ಮೇಲೆ ಹಾಲ್‌ನ ಫ್ಯಾನ್ ಬುಡದಿಂದ ನೀರು ತೊಟ್ಟಿಕ್ಕುತ್ತಿದೆ. ಒಳಕೋಣೆಯಲ್ಲಿ ಸೀಲಿಂಗಿನ ಗಾರೆ ಹಪ್ಪಳದ ಹಾಗೆ ಎದ್ದು ಬಿತ್ತು, ಕಂಬಿ ಕಾಣುತ್ತಿದೆ. ಒಬ್ಬ ಕಂಟ್ರಾಕ್ಟರ್, ತಾರಸಿಗೆ ನೀರು ತಡೆಯುವ ಕೋಟಿಂಗ್ ಹೊಡೆದರೆ ಸಾಕು ಅಂತಾರೆ, ಇನ್ನೊಬ್ಬರು ಮೋಲ್ಡ್ (ಕಾಂಕ್ರೀಟ್ ಛಾವಣಿ) ಒಡೆದು ಹೊಸದಾಗಿ ಹಾಕಬೇಕು ಅಂತಾರೆ. ಮಾರಿದವರು ಫೋನ್ ಎತ್ತುತ್ತಿಲ್ಲ. ಸಾಲದ ಕಂತು ಬೇರೆ ಶುರುವಾಗಿದೆ. ಮೊದಲು ಏನು ಮಾಡಲಿ?

ಸೈಟ್ ಇಂಜಿನಿಯರ್, ಬೆಂಗಳೂರು
ಮೇಡಂ, ಮೊಟ್ಟಮೊದಲು ಆ ಫ್ಯಾನಿನ ಲೈನಿನ ಎಂಸಿಬಿ (ಮೀಟರ್ ಬೋರ್ಡಿನ ಸ್ವಿಚ್) ಇಳಿಸಿ. ಕಂಬಿ ಕಾಣುವ ಕೋಣೆಯಲ್ಲಿ ಯಾರೂ ಮಲಗಬೇಡಿ. ಉಳಿದದ್ದೆಲ್ಲ ಆಮೇಲೆ.

ಇಬ್ಬರು ಕಂಟ್ರಾಕ್ಟರ್‌ಗಳೂ ಮನೆಯನ್ನು ಪೂರ್ತಿ ನೋಡದೆ ಮಾತಾಡಿದ್ದಾರೆ ಅನ್ನಿಸುತ್ತೆ. ಫಾಲ್ಸ್ ಸೀಲಿಂಗ್ ಬಿಚ್ಚದೆ ಮೋಲ್ಡ್‌ನ ಸ್ಥಿತಿ ಯಾರಿಗೂ ಗೊತ್ತಾಗಲ್ಲ. ಹಾಳಾದರೂ ಪರವಾಗಿಲ್ಲ, ಬಿಚ್ಚಿಸಿ. ಆಮೇಲೆ ಒಂದು ಸಣ್ಣ ಸುತ್ತಿಗೆ ತೊಗೊಂಡು ಸೀಲಿಂಗನ್ನು ಅಡಿ ಅಡಿಗೂ ಮೆತ್ತಗೆ ತಟ್ಟುತ್ತಾ ಹೋಗಬೇಕು. ತಲೆಗೆ ಹೆಲ್ಮೆಟ್ ಇರಲಿ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತೆ, ಒಳಗೆ ಬಿಟ್ಟುಕೊಂಡಿರುವ ಕಡೆ ಡಬ್ ಅಂತ ಟೊಳ್ಳು ಸದ್ದು ಬರುತ್ತೆ. ಟೊಳ್ಳು ಬಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಎಲ್ಲಾ ಮುಗಿದ ಮೇಲೆ ಕೆಳಗೆ ನಿಂತು ನೋಡಿದರೆ ಪೆಟ್ಟು ಬಿದ್ದಿರುವುದು ಒಂದು ಮೂಲೆಗೋ ಇಡೀ ಮೋಲ್ಡ್‌ಗೋ ಅನ್ನುವುದು ಕಣ್ಣಿಗೇ ಕಾಣುತ್ತೆ.

ಹೀಗೆ ಆಗೋದು ಯಾಕೆ ಅಂದರೆ, ತುಕ್ಕು ಹಿಡಿದ ಕಂಬಿ ಉಬ್ಬುತ್ತೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಅದು ಕೆಳಗಿನ ಕಾಂಕ್ರೀಟನ್ನು ತಳ್ಳಿ ಉದುರಿಸುತ್ತೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ ಮೋಲ್ಡ್‌ನ ಕಂಬಿಯ ಕೆಳಗೆ ಸಾಮಾನ್ಯವಾಗಿ 20 ಮಿ.ಮೀ. ಕಾಂಕ್ರೀಟ್ ಇರಬೇಕು. ಹಳೆಯ ಎಷ್ಟೋ ಮನೆಗಳಲ್ಲಿ ಕಂಬಿಯನ್ನು ಎತ್ತಿ ಹಿಡಿಯುವ ಸಣ್ಣ ಬಿಲ್ಲೆ, ಅಂದರೆ ಕವರ್ ಬ್ಲಾಕ್ ಇಡದೆ, ಕಂಬಿಯನ್ನು ಸೆಂಟ್ರಿಂಗ್ ಶೀಟಿನ (ಕಾಂಕ್ರೀಟ್ ಸುರಿಯಲು ಕೆಳಗೆ ಹಾಸುವ ಹಲಗೆ ಅಥವಾ ತಗಡು) ಮೇಲೇ ಮಲಗಿಸಿ ಕಾಂಕ್ರೀಟ್ ಸುರಿದಿದ್ದಾರೆ. ಅಂಥ ಕಡೆ ಸ್ವಲ್ಪ ತೇವ ಇಳಿದರೂ ಸಾಕು.

ಅದಕ್ಕೇ ಹೇಳೋದು, ಬರೀ ಮೇಲಿನ ಕೋಟಿಂಗ್ ಸಾಲದು. ಸೋರುವುದು ನಿಂತರೂ ಒಳಗಿನ ತುಕ್ಕು ಹಾಗೇ ಇರುತ್ತೆ. ಕೆಳಗಿನಿಂದ ಜಾಕಿ (ಭಾರ ಹೊರುವ ತಾತ್ಕಾಲಿಕ ಕಂಬ) ಕೊಟ್ಟು, ಬಿಟ್ಟುಕೊಂಡ ಕಾಂಕ್ರೀಟನ್ನು ಕಂಬಿಯ ಹಿಂಬದಿಯವರೆಗೂ ಕೆತ್ತಿ ತೆಗೆಯಬೇಕು. ವೈರ್ ಬ್ರಷ್‌ನಲ್ಲಿ ಕಂಬಿ ಹೊಳೆಯುವ ತನಕ ಉಜ್ಜಬೇಕು, ಜಿಂಕ್ ಪ್ರೈಮರ್ ಹಚ್ಚಬೇಕು, ಆಮೇಲೆ ಪಾಲಿಮರ್ ಸೇರಿಸಿದ ಗಾರೆಯಲ್ಲಿ ತುಂಬಬೇಕು. ಕಂಬಿ ತೀರಾ ಸವೆದು ಸಣ್ಣಗಾಗಿದ್ದರೆ ಪಕ್ಕದಲ್ಲಿ ಹೊಸ ಕಂಬಿ ಸೇರಿಸಬೇಕಾಗುತ್ತೆ. ಅದನ್ನು ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡಿ ಹೇಳಲಿ, ಕೋಟಿಂಗ್ ಮಾರುವವರು ಹೇಳಬಾರದು. ಇಡೀ ಮೋಲ್ಡ್ ಒಡೆಯುವ ಪರಿಸ್ಥಿತಿ ಅಪರೂಪ. ಒಡೆಯಬೇಕು ಅಂದವರ ಕೈಯಲ್ಲಿ ಯಾಕೆ ಅಂತ ಬರೆಸಿಕೊಳ್ಳಿ.

ಮನೆ ಮಾಲೀಕರು, ದಾವಣಗೆರೆ
ನೀರು ಬೀಳುವ ಜಾಗವೇ ನೀರು ಇಳಿಯುವ ಜಾಗ ಅಂದುಕೊಳ್ಳಬೇಡಿ ಅಕ್ಕ. ನಮ್ಮ ಮನೆಯಲ್ಲೂ ಫ್ಯಾನ್ ಬುಡದಿಂದಲೇ ಬರುತ್ತಿತ್ತು. ಮೋಲ್ಡ್ ಒಳಗೆ ಹೋಗುವ ಕರೆಂಟ್ ಪೈಪ್ ಹಿಡಿದುಕೊಂಡು ನೀರು ಅಷ್ಟು ದೂರ ಬಂದಿತ್ತು. ಇಳಿಯುತ್ತಿದ್ದದ್ದು ತಾರಸಿಯ ಇನ್ನೊಂದು ತುದಿಯಲ್ಲಿ, ಸೋಲಾರ್ ಸ್ಟ್ಯಾಂಡಿಗೆ ಬೋಲ್ಟ್ ಹೊಡೆದ ತೂತಿನಲ್ಲಿ.

ಮಳೆ ನಿಂತು ನಾಲ್ಕು ದಿನವಾದರೂ ತೊಟ್ಟಿಕ್ಕುತ್ತಿದ್ದರೆ ಟ್ಯಾಂಕ್ ಅಥವಾ ಅದರ ಪೈಪ್ ಮೇಲೆ ಅನುಮಾನ ಪಡಿ. ಟ್ಯಾಂಕ್ ಖಾಲಿ ಮಾಡಿ ನೋಡಿ. ಆಮೇಲೆ ಮಳೆನೀರು ಪೈಪಿನ ಬಾಯಿ, ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆ, ಇವೆರಡನ್ನೂ ನೋಡಿ. ಬಿಸಿಲು ಬಂದಾಗ ತಾರಸಿಯನ್ನು ಭಾಗ ಮಾಡಿ, ಗಾರೆ ಕಟ್ಟೆ ಕಟ್ಟಿಸಿ, ಒಂದೊಂದೇ ಭಾಗದಲ್ಲಿ ಎರಡು ದಿನ ನೀರು ನಿಲ್ಲಿಸಿ ನೋಡಿದರೆ ಎಲ್ಲಿಂದ ಇಳಿಯುತ್ತೆ ಅಂತ ಗೊತ್ತಾಗುತ್ತೆ. ಆದರೆ ಕಂಬಿ ಕಾಣುತ್ತಿರುವ ಕೋಣೆಯ ಮೇಲೆ ಬೇಡ, ನಿಂತ ನೀರಿನ ಭಾರ ಕಮ್ಮಿಯಲ್ಲ. ಅಲ್ಲಿ ರಿಪೇರಿ ಮುಗಿಯಲಿ.

ಕೋಟಿಂಗ್ ಮಾಡಿಸುವುದಿದ್ದರೆ ಜನವರಿಯಿಂದ ಮಾರ್ಚ್ ಒಳಗೆ. ಒದ್ದೆ ತಾರಸಿಗೆ ಹೊಡೆದರೆ ಗುಳ್ಳೆ ಏಳುತ್ತೆ. ಅಲ್ಲಿಯವರೆಗೆ ದಪ್ಪ ಟಾರ್ಪಾಲಿನ್ ಕಟ್ಟಿಸಿ, ನಾಚಿಕೆಪಡುವಂಥದ್ದು ಏನೂ ಇಲ್ಲ.

ತೀರ್ಥಹಳ್ಳಿ ಕಡೆಯವರು
ಮೋಲ್ಡ್ ಮನೆಯ ವಿಷಯ ನನಗೆ ಹೆಚ್ಚು ಗೊತ್ತಿಲ್ಲ. ಹೆಂಚಿನ ಮನೆ ಕೊಳ್ಳುವವರು ಇದನ್ನು ಓದುತ್ತಿದ್ದರೆ ಅವರಿಗೆ ಒಂದು ಮಾತು. ಹೆಂಚು ಒಡೆದಿದ್ದರೆ ಚಿಂತೆ ಇಲ್ಲ, ಮಂಗಗಳ ಕಾಟಕ್ಕೆ ನಮ್ಮ ಕಡೆ ಪ್ರತಿ ವರ್ಷ ಕೈಯಾಡಿಸಲೇಬೇಕು. ಭಯ ಇರುವುದು ಮರದ್ದು. ನಾವು ಕೊಂಡ ಮನೆಯಲ್ಲಿ ಹೆಂಚಿನ ಕೆಳಗೆ ಹಿಂದಿನವರು ಪ್ಲಾಸ್ಟಿಕ್ ಹಾಸಿದ್ದರು, ಅದರ ಕೆಳಗೆ ಹಲಗೆಯ ಮುಚ್ಚಿಗೆ. ಸೋರಿಕೆ ಕಾಣುತ್ತಿರಲಿಲ್ಲ, ಆದರೆ ತೇವ ಆರದೆ ಪಕಾಸಿನ (ಹೆಂಚು ಹೊರುವ ಇಳಿಜಾರು ಮರ) ತುದಿಗಳು ಗೋಡೆಯ ಮೇಲೆ ಕೂರುವ ಜಾಗದಲ್ಲೇ ಕೊಳೆತು ಕುಂಬಾಗಿದ್ದವು. ಸ್ಕ್ರೂಡ್ರೈವರ್ ಒತ್ತಿದರೆ ಸೀದಾ ಒಳಗೆ ಹೋಗುತ್ತಿತ್ತು. ಕೊಳ್ಳುವ ಮುಂಚೆ ಏಣಿ ಹಾಕಿ ಆ ತುದಿಗಳನ್ನು ಚುಚ್ಚಿ ನೋಡಿ. ಗೆದ್ದಲೂ ಮೊದಲು ಹತ್ತುವುದು ಅಲ್ಲೇ.

ವಕೀಲರು, ಹುಬ್ಬಳ್ಳಿ
ಮಾರಿದವರ ಬಗ್ಗೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಹೀಗಿದೆ: ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ ಮುಖ್ಯ ದೋಷವನ್ನು ಮಾರುವವರು ಹೇಳಲೇಬೇಕು. ಹೇಳದಿದ್ದರೆ ಅದನ್ನು ವಂಚನೆ ಎಂದೇ ಕಾಯ್ದೆ ನೋಡುತ್ತದೆ. ಕ್ರಯಪತ್ರದಲ್ಲಿ ಬೇರೆ ಷರತ್ತು ಬರೆದಿದೆಯೇ ಎಂದು ಮೊದಲು ಓದಿಸಿ. ಕಷ್ಟ ಇರುವುದು "ಅವರಿಗೆ ಗೊತ್ತಿತ್ತು" ಎಂದು ತೋರಿಸುವುದರಲ್ಲಿ.

ರೇರಾ (ಬಿಲ್ಡರ್‌ಗಳ ಯೋಜನೆಗಳನ್ನು ನಿಯಂತ್ರಿಸುವ ರಿಯಲ್ ಎಸ್ಟೇಟ್ ಕಾಯ್ದೆ) ನಿಮಗೆ ಅನ್ವಯಿಸದು. ಅದರ 14ನೇ ಕಲಂನ ಐದು ವರ್ಷದ ಹೊಣೆ ಬಿಲ್ಡರ್‌ನಿಂದ ಕೊಂಡವರಿಗೆ. ಸ್ವಾಧೀನ ಸಿಕ್ಕ ಐದು ವರ್ಷದೊಳಗೆ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಖರ್ಚಿಲ್ಲದೆ ಸರಿಪಡಿಸಿಕೊಡಬೇಕು.

ಮೇಲಿನ ಮಹಡಿಯ ಫ್ಲ್ಯಾಟಿನವರು, ಬೆಂಗಳೂರು
ಅಪಾರ್ಟ್‌ಮೆಂಟಿನಲ್ಲಿ ಕೊನೆಯ ಮಹಡಿ ಕೊಂಡವರು ಸೋರಿಕೆಗೆ ಸ್ವಂತ ದುಡ್ಡು ಹಾಕುವ ಮುಂಚೆ ನಿಮ್ಮ ಡೀಡ್ ನೋಡಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಛಾವಣಿಯನ್ನು ಸಾಮಾನ್ಯ ಸ್ವತ್ತಿನಲ್ಲೇ ಸೇರಿಸಿದ್ದಾರೆ. ಅಸೋಸಿಯೇಷನ್‌ಗೆ ಬರವಣಿಗೆಯಲ್ಲಿ ಕೊಡಿ.

ಕೇಳಿದವರು, ಮೈಸೂರು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಫಾಲ್ಸ್ ಸೀಲಿಂಗ್ ಬಿಚ್ಚಿಸಿದೆವು. ಹಾಲ್‌ನಲ್ಲಿ ಟೊಳ್ಳು ಸದ್ದು ಬಂದದ್ದು ಫ್ಯಾನಿನ ಸುತ್ತ ಮಾತ್ರ. ಆದರೆ ಅಲ್ಲಿ ಹಳೇ ಸಿಮೆಂಟ್ ತೇಪೆ ಇದೆ, ಅದರ ಮೇಲೆ ಮತ್ತೊಂದು ತೇಪೆ, ಎರಡೂ ಪಿಒಪಿ ಕೂರಿಸುವ ಮುಂಚೆ ಹಾಕಿದ್ದು. ಪಿಒಪಿ ಫ್ರೇಮಿಗೆ ಒಂದು ತಗಡಿನ ತಟ್ಟೆ ತಂತಿ ಸುತ್ತಿ ಕಟ್ಟಿದ್ದಾರೆ, ಬೀಳುವ ನೀರು ಹಿಡಿಯಲು. ನೋಡಿ ಕೈಕಾಲು ತಣ್ಣಗಾಯಿತು. ನಾಳೆ ಮೇಸ್ತ್ರಿ ಬಂದು ಕೆರೆದು ಸರಿಮಾಡ್ತೀನಿ ಅಂದಿದ್ದಾರೆ.

ವಕೀಲರು, ಹುಬ್ಬಳ್ಳಿ
ನಾಳೆ ಮೇಸ್ತ್ರಿಯನ್ನು ತಡೆಯಿರಿ. ಜಾಕಿ ಮಾತ್ರ ಕೊಡಿಸಿ. ಆ ತಟ್ಟೆ, ಆ ತೇಪೆ ಎರಡನ್ನೂ ಇದ್ದ ಜಾಗದಲ್ಲೇ ದಿನಾಂಕ ಸಮೇತ ಫೋಟೊ, ವಿಡಿಯೊ ಮಾಡಿಸಿ. ಸ್ಟ್ರಕ್ಚರಲ್ ಇಂಜಿನಿಯರ್‌ರಿಂದ ಸಹಿ ಇರುವ ವರದಿ, ರಿಪೇರಿಯ ಅಂದಾಜು ಖರ್ಚು ಬರೆಸಿಕೊಳ್ಳಿ. ಅವುಗಳ ಪ್ರತಿ ಲಗತ್ತಿಸಿ ಮಾರಿದವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಲೀಗಲ್ ನೋಟಿಸ್ ಹೋಗಲಿ. ಆಮೇಲೆ ಕೆರೆಸಿ. ತಟ್ಟೆಯನ್ನು ಎಸೆಯಬೇಡಿ.