ಪಾಂಡಾ ಮಲದ 16ಎಸ್ ಡೇಟಾ: ಇ. ಕೋಲೈ ಕಾಣುತ್ತಿಲ್ಲ, ಬರೀ ಕ್ಲೋರೋಪ್ಲಾಸ್ಟ್ ಬರ್ತಿದೆ

ವಿದ್ಯಾ_ಪಾಷಾಣ್, ಪುಣೆ

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ ಮೈಕ್ರೋಬಯಾಲಜಿ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ದೈತ್ಯ ಪಾಂಡಾ ಆರಿಸಿಕೊಂಡೆ. ನಮ್ಮ ದೇಶದ ಮೃಗಾಲಯಗಳಲ್ಲಿ ಅದು ಇಲ್ಲ. ಹಾಗಾಗಿ ಚೀನಾದ ಸಾಕಣೆ ಕೇಂದ್ರದ ಪಾಂಡಾಗಳ 16ಎಸ್ ಡೇಟಾವನ್ನು (16ಎಸ್ ಅಂದರೆ ಬ್ಯಾಕ್ಟೀರಿಯಾ ಯಾವುದು ಅಂತ ಗುರುತಿಸಲು ಓದುವ ಜೀನ್) ಎನ್‌ಸಿಬಿಐ ಎಂಬ ಸಾರ್ವಜನಿಕ ಸಂಗ್ರಹದಿಂದ ಇಳಿಸಿಕೊಂಡಿದ್ದೇನೆ. ಎರಡು ಬಗೆಯ ಸ್ಯಾಂಪಲ್ ಇವೆ. ಒಂದು ಮಲ, ಇನ್ನೊಂದು ಬಾಲದ ಕೆಳಗಿನ ಗ್ರಂಥಿಯ ಸ್ರಾವ. ಈ ಸ್ರಾವವನ್ನೇ ಪಾಂಡಾ ಮರಕ್ಕೆ, ಬಂಡೆಗೆ ಉಜ್ಜಿ ತನ್ನ ವಾಸನೆ ಬಿಟ್ಟು ಹೋಗುವುದು. ಆ ವಾಸನೆಯಲ್ಲಿ ಬ್ಯಾಕ್ಟೀರಿಯಾಗಳ ಪಾಲು ಎಷ್ಟು, ಗ್ರಂಥಿಯಲ್ಲಿರುವವು ಕರುಳಿನಿಂದಲೇ ಬಂದವಾ ಅನ್ನುವುದು ನನ್ನ ಪ್ರಶ್ನೆ.

ಆದರೆ ಮೊದಲ ಹಂತದಲ್ಲೇ ನಿಂತಿದ್ದೇನೆ. ಚೈಮ್ 2 ಸಾಫ್ಟ್‌ವೇರ್ ಒಳಗೆ ರೀಡ್‌ಗಳನ್ನು (ಯಂತ್ರ ಓದಿಕೊಟ್ಟ ಡಿಎನ್‌ಎ ತುಂಡುಗಳು) ಸೋಸಿ ಜೋಡಿಸುವ ಡಾಡಾ2 ಓಡಿಸಿದರೆ ಮುಕ್ಕಾಲು ಪಾಲಿಗೂ ಜಾಸ್ತಿ ರೀಡ್‌ಗಳು ಹೋಗಿಬಿಡುತ್ತವೆ. ಉಳಿದದ್ದರಲ್ಲಿ ಸಿಂಹಪಾಲು ಸಯನೋಬ್ಯಾಕ್ಟೀರಿಯಾ, ಸ್ವಲ್ಪ ಕ್ಲಾಸ್ಟ್ರಿಡಿಯಂ. ನಾನು ಓದಿದ ಎಲ್ಲಾ ಕಡೆ ಪಾಂಡಾ ಕರುಳಿನಲ್ಲಿ ಇ. ಕೋಲೈ ಕುಲ ಮತ್ತು ಸ್ಟ್ರೆಪ್ಟೋಕಾಕಸ್ ಮುಂದೆ ಇರುತ್ತವೆ ಅಂತಿದೆ. 2015ರಲ್ಲಿ ಚೆಂಗ್ಡುವಿನ 45 ಪಾಂಡಾಗಳ 121 ಮಲದ ಸ್ಯಾಂಪಲ್ ನೋಡಿದವರೂ ಹಾಗೇ ಬರೆದಿದ್ದಾರೆ. ನನ್ನ ಚಾರ್ಟ್‌ನಲ್ಲಿ ಅವೆರಡೂ ಹೆಸರಿಗೂ ಇಲ್ಲ. ಡೇಟಾನೇ ಕೆಟ್ಟಿದೆಯಾ? ಮಾರ್ಗದರ್ಶಕರಿಗೆ ತೋರಿಸುವ ಮೊದಲು ಕಾರಣ ತಿಳಿಯಬೇಕು.

ಪ್ರಸನ್ನ_ಮಾಟುಂಗಾ, ಮುಂಬೈ

ಡೇಟಾ ಕೆಟ್ಟಿದೆ ಅಂತ ಈಗಲೇ ಬಿಟ್ಟುಬಿಡಬೇಡಿ. ಕೆಲವು ವಿವರ ಬೇಕು. 16ಎಸ್‌ನ ಯಾವ ಭಾಗ? ರೀಡ್ ಉದ್ದ ಎಷ್ಟು? ಪ್ರೈಮರ್ (ಆ ಭಾಗವನ್ನು ನಕಲು ಮಾಡಲು ಎರಡು ತುದಿಗೆ ಕೂರಿಸುವ ಗಿಡ್ಡ ಡಿಎನ್‌ಎ) ಕತ್ತರಿಸಿದ್ದೀರಾ? ಟ್ರಂಕೇಶನ್, ಅಂದರೆ ರೀಡ್ ಅನ್ನು ಕತ್ತರಿಸಿ ಉಳಿಸುವ ಉದ್ದ, ಎಷ್ಟು ಕೊಟ್ಟಿದ್ದೀರಿ? ಡಾಡಾ2 ಕೊಡುವ ಅಂಕಿಅಂಶದ ಫೈಲ್ ತೆರೆದು, ರೀಡ್‌ಗಳು ಯಾವ ಕಾಲಂನಲ್ಲಿ ಬೀಳುತ್ತಿವೆ ನೋಡಿ. ಫಿಲ್ಟರ್‌ನಲ್ಲಾ, ಮರ್ಜ್‌ನಲ್ಲಾ (ಎರಡು ಕಡೆಯ ರೀಡ್ ಸೇರಿಸುವುದು), ಕೈಮೆರಾ (ಬೇರೆ ಬೇರೆ ತುಂಡು ಅಂಟಿ ಆದ ನಕಲಿ) ತೆಗೆಯುವಲ್ಲಾ? ರೋಗ ಯಾವುದು ಅಂತ ಅರ್ಧ ಅಲ್ಲೇ ಗೊತ್ತಾಗುತ್ತದೆ.

ವಿದ್ಯಾ_ಪಾಷಾಣ್

16ಎಸ್‌ನ ವಿ3–ವಿ4 ಭಾಗ. ಪ್ರೈಮರ್ 341ಎಫ್ ಮತ್ತು 805ಆರ್. ಎರಡೂ ಕಡೆಯಿಂದ 250 ಬೇಸ್ (ಡಿಎನ್‌ಎ ಅಕ್ಷರ). ಕಟ್‌ಅಡಾಪ್ಟ್‌ನಲ್ಲಿ ಪ್ರೈಮರ್ ತೆಗೆದಾಗಿದೆ. ಟ್ರಂಕೇಶನ್ ಮುಂದಿನ ರೀಡ್‌ಗೆ 225, ಹಿಂದಿನದ್ದಕ್ಕೆ 200. ಇದು ಲ್ಯಾಬ್‌ನಲ್ಲಿ ಎಲ್ಲರೂ ಬಳಸುವ ಸ್ಕ್ರಿಪ್ಟ್, ಮೊದಲು ವಿ4 ಡೇಟಾಗೆ ಬರೆದದ್ದಂತೆ. ರೀಡ್‌ಗಳು ಬೀಳುತ್ತಿರುವುದು ಮರ್ಜ್‌ನಲ್ಲಿ. ಅಲ್ಲಿಯವರೆಗೆ ಎಲ್ಲಾ ಚೆನ್ನಾಗಿದೆ.

ಪ್ರಸನ್ನ_ಮಾಟುಂಗಾ

ಸಿಕ್ಕಿತು. ಸ್ವಲ್ಪ ಲೆಕ್ಕ ಹಾಕೋಣ, ಯಾಕೆಂದರೆ ನಿಮ್ಮ ಎರಡೂ ತೊಂದರೆಗೆ ಕಾರಣ ಒಂದೇ.

ಇ. ಕೋಲೈಯಲ್ಲಿ ಈ ಎರಡು ಪ್ರೈಮರ್‌ಗಳ ನಡುವಿನ ತುಂಡು 358ನೇ ಸ್ಥಾನದಿಂದ 784ರವರೆಗೆ, ಅಂದರೆ 427 ಬೇಸ್. ನಿಮ್ಮ 225 ಮತ್ತು 200 ಕೂಡಿದರೆ 425. ಎರಡು ರೀಡ್‌ಗಳು ಮಧ್ಯದಲ್ಲಿ ಒಂದನ್ನೊಂದು ಮುಟ್ಟುವುದೇ ಇಲ್ಲ. ಡಾಡಾ2ಗೆ ಕನಿಷ್ಠ 12 ಬೇಸ್ ಒಂದರ ಮೇಲೊಂದು ಬರಬೇಕು. ಹಾಗಾಗಿ ಇ. ಕೋಲೈ ಪೂರ್ತಿ ಬಿದ್ದುಹೋಗುತ್ತದೆ. ಸ್ಟ್ರೆಪ್ಟೋಕಾಕಸ್‌ನ ತುಂಡೂ ಸುಮಾರು ಅಷ್ಟೇ ಉದ್ದ, ಅದೂ ಹೋಯಿತು.

ಹಾಗಾದರೆ ಸಯನೋಬ್ಯಾಕ್ಟೀರಿಯಾ ಅಂತ ಕಂಡ ಕ್ಲೋರೋಪ್ಲಾಸ್ಟ್ (ಗಿಡದ ಹಸಿರು ಕಣ) ಹೇಗೆ ಉಳಿಯಿತು? ವಿ3 ಭಾಗದಲ್ಲಿ ಒಂದು ಮಡಿಕೆ ಇದೆ. ಅದು ಕೆಲವು ಗುಂಪುಗಳಲ್ಲಿ ಉದ್ದ, ಕೆಲವದರಲ್ಲಿ ಗಿಡ್ಡ. ಸಯನೋಬ್ಯಾಕ್ಟೀರಿಯಾ, ಅವುಗಳ ವಂಶದಿಂದಲೇ ಬಂದ ಕ್ಲೋರೋಪ್ಲಾಸ್ಟ್, ಕ್ಲಾಸ್ಟ್ರಿಡಿಯಂ ಇವೆಲ್ಲದರಲ್ಲೂ ಗಿಡ್ಡ. ಅವುಗಳ ತುಂಡು ಸುಮಾರು 400 ಬೇಸ್ ಮಾತ್ರ. ನಿಮ್ಮ 425ಕ್ಕೆ ಅವು ಆರಾಮಾಗಿ ಕೂಡಿಕೊಂಡವು. ಅಂದರೆ ಈ ಸೆಟ್ಟಿಂಗ್ ದೊಡ್ಡ ಕಣ್ಣಿನ ಜರಡಿಯಲ್ಲ, ಉದ್ದ ನೋಡಿ ಆರಿಸುವ ಜರಡಿ. ಪಾಂಡಾದಲ್ಲಿ ಹೆಚ್ಚಾಗಿರುವ ಎರಡು ಕುಲಗಳನ್ನೇ ಅದು ಹೊರಗೆ ಹಾಕಿದೆ. ನನಗೆ ಇದು ಬರೀ ರೀಡ್ ಕಡಿಮೆಯಾಗುವುದಕ್ಕಿಂತ ಅಪಾಯ ಅನಿಸುತ್ತದೆ. ಎಲ್ಲಾ ಸಮನಾಗಿ ಕಡಿಮೆಯಾದರೆ ಚಾರ್ಟ್ ಸರಿಯಾಗೇ ಇರುತ್ತದೆ. ಇಲ್ಲಿ ಚಾರ್ಟ್ ತಪ್ಪು ಹೇಳುತ್ತದೆ, ಆದರೂ ನೋಡಲು ನಂಬುವ ಹಾಗಿರುತ್ತದೆ.

ಮುಂದಿನದ್ದಕ್ಕೆ 230, ಹಿಂದಿನದ್ದಕ್ಕೆ 220 ಕೊಡಿ. ಕೂಡಿದರೆ 450, ಇ. ಕೋಲೈಗೂ 23 ಬೇಸ್ ಮೇಲೆ ಬರುತ್ತವೆ. ಹಿಂದಿನದ್ದಕ್ಕೆ 230 ಹಾಕಬೇಡಿ. 805ಆರ್ ಪ್ರೈಮರ್ 21 ಬೇಸ್. ಅದನ್ನು ಕತ್ತರಿಸಿದ ಮೇಲೆ ರೀಡ್ 229 ಮಾತ್ರ ಉಳಿಯುತ್ತದೆ. ಕೇಳಿದ ಉದ್ದಕ್ಕಿಂತ ಗಿಡ್ಡ ಇರುವ ರೀಡನ್ನು ಡಾಡಾ2 ಎಸೆದುಬಿಡುತ್ತದೆ, ಒಂದೂ ಉಳಿಯುವುದಿಲ್ಲ. ಹಿಂದಿನ ರೀಡ್‌ನ ಬಾಲದಲ್ಲಿ ಗುಣಮಟ್ಟ ಕಡಿಮೆ ಇರುವುದರಿಂದ ಫಿಲ್ಟರ್‌ನಲ್ಲಿ ನಷ್ಟ ಜಾಸ್ತಿಯಾದರೆ, ಹಿಂದಿನದ್ದಕ್ಕೆ ತಪ್ಪಿನ ಮಿತಿಯನ್ನು 2ರಿಂದ 4ಕ್ಕೆ ಏರಿಸಿ.

ಆಮೇಲೆ ಸಿಲ್ವಾ ಡೇಟಾಬೇಸ್‌ನಿಂದ ಬ್ಯಾಕ್ಟೀರಿಯಾ ಹೆಸರುಗಳನ್ನು ಹಚ್ಚಿ, ಮೈಟೋಕಾಂಡ್ರಿಯಾ ಮತ್ತು ಕ್ಲೋರೋಪ್ಲಾಸ್ಟ್ ಎರಡನ್ನೂ ಟೇಬಲ್‌ನಿಂದ ತೆಗೆಯಿರಿ. ಸಿಲ್ವಾದಲ್ಲಿ ಕ್ಲೋರೋಪ್ಲಾಸ್ಟ್ ಸಯನೋಬ್ಯಾಕ್ಟೀರಿಯಾ ಕೆಳಗೇ ಇರುತ್ತದೆ. ನಿಮಗೆ ಸಯನೋಬ್ಯಾಕ್ಟೀರಿಯಾ ಅಂತ ಕಂಡದ್ದು ಅದೇ, ಪಾಂಡಾ ತಿಂದ ಬಿದಿರು.

ವಿದ್ಯಾ_ಪಾಷಾಣ್

ಪ್ರಸನ್ನ ಸರ್, ತುಂಬಾ ಥ್ಯಾಂಕ್ಸ್. ರಾತ್ರಿ ಓಡಲು ಬಿಟ್ಟಿದ್ದೆ, ಬೆಳಿಗ್ಗೆ ನೋಡಿದರೆ ಹೆಚ್ಚಿನ ರೀಡ್‌ಗಳು ಮರ್ಜ್ ಆಗಿವೆ. ಇ. ಕೋಲೈ ಕುಲ, ಸ್ಟ್ರೆಪ್ಟೋಕಾಕಸ್ ಎರಡೂ ಮೇಲೆ ಬಂದಿವೆ. ಲ್ಯಾಬ್ ಸ್ಕ್ರಿಪ್ಟ್‌ನಲ್ಲಿ ಈ ಲೆಕ್ಕವನ್ನು ಟಿಪ್ಪಣಿಯಾಗಿ ಹಾಕಿದ್ದೇನೆ, ಮುಂದಿನವರಿಗೆ ಆಗುತ್ತದೆ.

ಈಗ ಮುಂದಿನದ್ದು. ಬೆದೆಯ ಕಾಲದ ಸ್ಯಾಂಪಲ್ ಮತ್ತು ಬೇರೆ ಕಾಲದ ಸ್ಯಾಂಪಲ್ ಹೋಲಿಸಿದರೆ ಪರ್ಮನೋವಾದಲ್ಲಿ (ಗುಂಪುಗಳ ವ್ಯತ್ಯಾಸ ನೋಡುವ ಸಂಖ್ಯಾಶಾಸ್ತ್ರದ ಪರೀಕ್ಷೆ) ದೊಡ್ಡ ವ್ಯತ್ಯಾಸ. ಮಲದಲ್ಲೂ ಇದೆ, ಗ್ರಂಥಿಯಲ್ಲೂ ಇದೆ. ಹೆಣ್ಣು ಬೆದೆಗೆ ಬಂದಾಗ ಬ್ಯಾಕ್ಟೀರಿಯಾ ಬದಲಾಗುತ್ತವೆ, ಅದರಿಂದ ವಾಸನೆ ಬದಲಾಗುತ್ತದೆ ಅಂತ ಬರೆಯಬಹುದಾ?

ಶಾಲಿನಿ_ಮಡಗಾಂವ್, ಗೋವಾ

ವಿದ್ಯಾ, ಇನ್ನೂ ಬರೆಯಬೇಡಮ್ಮಾ. ನಾನು ಪಶುವೈದ್ಯೆ, ಪ್ರಾಣಿಗಳ ಕಡೆಯಿಂದ ಹೇಳುತ್ತೇನೆ.

ಹೆಣ್ಣು ಪಾಂಡಾ ವರ್ಷಕ್ಕೆ ಒಂದೇ ಸಲ ಬೆದೆಗೆ ಬರುತ್ತದೆ, ವಸಂತದಲ್ಲಿ. ಗರ್ಭ ನಿಲ್ಲುವ ಅವಧಿ 24ರಿಂದ 72 ಗಂಟೆ ಅಷ್ಟೇ. ಕಾಡಿನಲ್ಲಿ ಒಂಟಿಯಾಗಿ ಓಡಾಡುವ ಪ್ರಾಣಿ, ಇಷ್ಟು ಸಣ್ಣ ಅವಧಿಯಲ್ಲಿ ಗಂಡು ಹೆಣ್ಣು ಸೇರಬೇಕು. ವಾಸನೆಯ ಗುರುತು ಅವುಗಳಿಗೆ ಅಷ್ಟು ಮುಖ್ಯ ಆಗಿರುವುದು ಇದಕ್ಕೇ. ಕುಳಿತು, ಹಿಂದಕ್ಕೆ ಒರಗಿ, ಕಾಲೆತ್ತಿ, ಮುಂಗಾಲಿನ ಮೇಲೆ ತಲೆಕೆಳಗಾಗಿ ನಿಂತು, ಹೀಗೆ ನಾಲ್ಕು ಭಂಗಿಯಲ್ಲಿ ಗುರುತು ಹಾಕುತ್ತವೆ. ತಲೆಕೆಳಗಾಗಿ ನಿಲ್ಲುವುದು ಹೆಚ್ಚಾಗಿ ಗಂಡುಗಳು, ಗುರುತು ಎತ್ತರಕ್ಕೆ ಹೋಗುತ್ತದೆ. ನಿನ್ನ ಪ್ರಶ್ನೆ ಒಳ್ಳೆಯ ಪ್ರಶ್ನೆ. ಗ್ರಂಥಿಯ ಬ್ಯಾಕ್ಟೀರಿಯಾ ಹುದುಗಿಸಿ ವಾಸನೆ ಮಾಡುತ್ತವೆ ಅನ್ನುವ ವಾದ 1970ರ ದಶಕದಿಂದ ಇದೆ. 2013ರಲ್ಲಿ ಕತ್ತೆಕಿರುಬಗಳಲ್ಲಿ ಗ್ರಂಥಿಯ ಬ್ಯಾಕ್ಟೀರಿಯಾ ಮತ್ತು ಸ್ರಾವದ ಕೊಬ್ಬಿನಾಮ್ಲಗಳು ಜೊತೆಜೊತೆಯಾಗಿ ಬದಲಾಗುವುದನ್ನು ತೋರಿಸಿದರು.

ಆದರೆ ವಸಂತದಲ್ಲಿ ಇನ್ನೊಂದು ಬದಲಾಗುತ್ತದೆ: ಊಟ. ನನ್ನ ಊರು ಶಿರಸಿ. ನಮಗೆ ಕಳಲೆ ಅಂದರೆ ಮಳೆಗಾಲ. ಚೀನಾದ ಬಿದಿರಿನ ಕಾಡುಗಳಲ್ಲಿ ಹಲವು ಜಾತಿಗಳ ಕಳಲೆ ವಸಂತದಲ್ಲೇ ಏಳುತ್ತದೆ. ಪಾಂಡಾ ಎಲೆ ಬಿಟ್ಟು ಕಳಲೆಗೆ ಬೀಳುತ್ತದೆ. ಎಲೆಯಲ್ಲಿ ನಾರು ಜಾಸ್ತಿ, ಕಳಲೆಯಲ್ಲಿ ಪ್ರೋಟೀನ್ ಜಾಸ್ತಿ. ಪಾಂಡಾ ಕರಡಿ ಜಾತಿಯದ್ದು, ಕರುಳು ಮಾಂಸಾಹಾರಿಯ ಹಾಗೆ ಗಿಡ್ಡ, ತಿಂದದ್ದು ಬೇಗ ಹೊರಗೆ ಹೋಗುತ್ತದೆ. ತಿಂದ ಬಿದಿರಿನ ಒಣ ತೂಕದಲ್ಲಿ ಸುಮಾರು 17 ಶೇಕಡಾ ಮಾತ್ರ ಜೀರ್ಣವಾಗುವುದು. ಹೀಗಿರುವಾಗ ಊಟ ಬದಲಾದರೆ ಮಲದ ಬ್ಯಾಕ್ಟೀರಿಯಾ ಬದಲಾಗದೇ ಇರುತ್ತವಾ? 2015ರ ಕೆಲಸದಲ್ಲೂ ಕಾಲ ಬದಲಾದ ಹಾಗೆ ಬ್ಯಾಕ್ಟೀರಿಯಾ ಬದಲಾಗಿದ್ದವು. ನಿನ್ನ ವ್ಯತ್ಯಾಸ ಬೆದೆಯದ್ದಾ ಕಳಲೆಯದ್ದಾ ಅಂತ ಬಿಡಿಸುವ ದಾರಿ ಬೇಕು.

ಒಂದು ದಾರಿ ಗಂಡುಗಳನ್ನು ನೋಡುವುದು. ಅವೂ ಅದೇ ಕಳಲೆ ತಿನ್ನುತ್ತವೆ, ಬೆದೆಗೆ ಬರುವುದಿಲ್ಲ. ಹೆಣ್ಣಿನಲ್ಲಿ ಮಾತ್ರ ಬದಲಾದದ್ದು ಏನಾದರೂ ಇದ್ದರೆ ಅದರ ಬಗ್ಗೆ ಮಾತಾಡಬಹುದು. ಗಂಡುಗಳಲ್ಲೂ ಆ ಕಾಲದಲ್ಲಿ ಹಾರ್ಮೋನ್ ಏರುತ್ತದೆ, ಹಾಗಾಗಿ ಪೂರ್ತಿ ಶುದ್ಧ ಹೋಲಿಕೆಯಲ್ಲ, ಆದರೂ ಬೇಕು. ತೆಗೆದ ಕ್ಲೋರೋಪ್ಲಾಸ್ಟ್ ರೀಡ್‌ಗಳನ್ನೂ ಅಳಿಸಬೇಡ, ಬೇರೆ ಫೈಲಿನಲ್ಲಿಡು. ಹಸಿರೆಲೆಯಲ್ಲಿ ಕ್ಲೋರೋಪ್ಲಾಸ್ಟ್ ಜಾಸ್ತಿ, ಬೆಳಕು ಕಾಣದ ಕಳಲೆಯಲ್ಲಿ ಕಡಿಮೆ. ಅಳತೆಯಾಗಿ ಬಳಸಲು ಬರುವುದಿಲ್ಲ. ಯಾವ ಸ್ಯಾಂಪಲ್‌ನಲ್ಲಿ ಎಲೆ ಜಾಸ್ತಿ ಇತ್ತು ಅನ್ನುವ ಸುಳಿವು ಸಿಗಬಹುದು.

ಮತ್ತೆ, 16ಎಸ್ ಯಾರಿದ್ದಾರೆ ಅಂತ ಹೇಳುತ್ತದೆ, ಯಾವ ವಾಸನೆ ಬರುತ್ತದೆ ಅಂತ ಹೇಳುವುದಿಲ್ಲ. ಅದಕ್ಕೆ ಅದೇ ಸ್ರಾವದ ಜಿಸಿ-ಎಂಎಸ್ (ರಾಸಾಯನಿಕಗಳನ್ನು ಬೇರ್ಪಡಿಸಿ ಗುರುತಿಸುವ ಪರೀಕ್ಷೆ) ಡೇಟಾ ಬೇಕು. ಇಲ್ಲದಿದ್ದರೆ ವಾಸನೆ ಬದಲಾಯಿತು ಅನ್ನುವ ವಾಕ್ಯವನ್ನು ಬಿಟ್ಟುಬಿಡು.

ಪ್ರಸನ್ನ_ಮಾಟುಂಗಾ

ಶಾಲಿನಿ ಮೇಡಂ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಗ್ರಂಥಿ ಇರುವುದು ಗುದದ ಪಕ್ಕದಲ್ಲೇ. ಅಲ್ಲಿ ಕರುಳಿನ ಬ್ಯಾಕ್ಟೀರಿಯಾ ಕಂಡರೆ, ಅವು ಅಲ್ಲಿ ನೆಲೆಸಿವೆಯೋ ಮಲ ತಾಗಿದ್ದೋ ಅಂತ ಚಾರ್ಟ್ ನೋಡಿ ಹೇಳಲಾಗದು. ಒಂದೇ ಪ್ರಾಣಿಯಿಂದ ಒಂದೇ ದಿನ ತೆಗೆದ ಎರಡು ಸ್ಯಾಂಪಲ್ ಜೋಡಿಸಿ, ಗ್ರಂಥಿಯಲ್ಲಿ ಜಾಸ್ತಿ, ಮಲದಲ್ಲಿ ಕಡಿಮೆ ಇರುವ ಬ್ಯಾಕ್ಟೀರಿಯಾ ಯಾವುವು ನೋಡಿ. ಸ್ರಾವದಲ್ಲಿ ಡಿಎನ್‌ಎ ಕಡಿಮೆ ಇದ್ದರೆ ಕಿಟ್‌ನ ಕಲಬೆರಕೆಯೂ ಕಾಣುತ್ತದೆ. ರಾಲ್ಸ್ಟೋನಿಯಾ, ಬ್ರಾಡಿರೈಜೋಬಿಯಂ ಮೇಲೆ ಬಂದರೆ ಅನುಮಾನ ಪಡಿ. ಖಾಲಿ ಕಂಟ್ರೋಲ್ (ಸ್ಯಾಂಪಲ್ ಹಾಕದೆ ಓಡಿಸಿದ್ದು) ಫೈಲ್ ಸಿಕ್ಕರೆ, ಕಲಬೆರಕೆ ಗುರುತಿಸುವ ಡಿಕಂಟಾಮ್ ಓಡಿಸಿ.

ಇನ್ನು ಪರ್ಮನೋವಾ. ಒಂದೇ ಪಾಂಡಾದಿಂದ ಹಲವು ಸಲ ತೆಗೆದ ಸ್ಯಾಂಪಲ್‌ಗಳನ್ನು ಬೇರೆ ಬೇರೆ ಪಾಂಡಾ ಅಂತ ಲೆಕ್ಕ ಹಾಕಬೇಡಿ. ಕಾಲದ ಪರೀಕ್ಷೆಗೆ ಪ್ರಾಣಿಯ ಐಡಿಯನ್ನು ಸ್ಟ್ರಾಟಾ ಆಗಿ ಕೊಡಿ, ಆಗ ಅದಲುಬದಲು ಅದೇ ಪ್ರಾಣಿಯ ಒಳಗೆ ನಡೆಯುತ್ತದೆ. ಗಂಡು ಹೆಣ್ಣಿನ ಪರೀಕ್ಷೆಗೆ ಇದು ನಡೆಯುವುದಿಲ್ಲ, ಒಂದು ಪ್ರಾಣಿಯ ಲಿಂಗ ಬದಲಾಗುವುದಿಲ್ಲವಲ್ಲ. ಅದಕ್ಕೆ ಪ್ರಾಣಿಗೊಂದರಂತೆ ಸರಾಸರಿ ಮಾಡಿ, ಆಮೇಲೆ ಹೋಲಿಸಿ.

ವಿದ್ಯಾ_ಪಾಷಾಣ್

ಶಾಲಿನಿ ಮೇಡಂ, ಮೆಟಾಡೇಟಾದಲ್ಲಿ ತಿಂಗಳು, ಲಿಂಗ, ಪ್ರಾಣಿಯ ಐಡಿ ಇವೆ. ಊಟದ ಕಾಲಂ ಇಲ್ಲ. ಡೇಟಾ ಹಾಕಿದವರಿಗೆ ಇಮೇಲ್ ಬರೆದು, ಆ ತಿಂಗಳುಗಳಲ್ಲಿ ಕಳಲೆ ಕೊಡುತ್ತಿದ್ದರಾ, ಖಾಲಿ ಕಂಟ್ರೋಲ್ ಇದೆಯಾ ಅಂತ ಕೇಳುತ್ತೇನೆ. ಉತ್ತರ ಬರುವವರೆಗೆ ಗಂಡುಗಳನ್ನು ಬೇರೆ ಮಾಡಿ, ಸ್ಟ್ರಾಟಾ ಹಾಕಿ ಓಡಿಸುತ್ತೇನೆ.

ಶಾಲಿನಿ_ಮಡಗಾಂವ್

ಇಮೇಲ್‌ನಲ್ಲಿ ಸೇಬು, ಹಿಟ್ಟಿನ ರೊಟ್ಟಿ ಎಷ್ಟು ಕೊಡುತ್ತಾರೆ ಅಂತಲೂ ಕೇಳು. ಸಾಕಣೆ ಕೇಂದ್ರಗಳಲ್ಲಿ ಬಿದಿರಿನ ಜೊತೆ ಅವೂ ಇರುತ್ತವೆ.

ವಿಷಯಕ್ಕೆ ಗುರುತು: ಮರ್ಜ್ ತೊಂದರೆ ಪರಿಹಾರವಾಗಿದೆ. ಕಾಲದ ಹೋಲಿಕೆ ಇನ್ನೂ ತೆರೆದಿದೆ.