‘ರಾಜೀನಾಮೆ’ ಅಂದರೆ ರಾಜಿಯೋ, ಬಿಟ್ಟುಹೋಗುವುದೋ?

ಒಂದು ಕಾರ್ಮಿಕ ಮಾಸಿಕಕ್ಕಾಗಿ ಬ್ರಿಟಿಷ್ ಏರ್‌ವೇಸ್ ಕ್ಯಾಬಿನ್ ಸಿಬ್ಬಂದಿಯ ಹಳೆಯ ಹೋರಾಟದ ಮೇಲಿನ ಹಿಂದಿ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೊನೆಯ ಪ್ಯಾರಾದಲ್ಲಿ ಮುಗ್ಗರಿಸಿದೆ. ‘ಎರಡೂ ಪಕ್ಷಗಳ ನಡುವೆ ರಾಜೀನಾಮಾ ಆಯಿತು’ ಅನ್ನುವ ಅರ್ಥದ ವಾಕ್ಯ ಅಲ್ಲಿತ್ತು. ರಾತ್ರಿ ಹನ್ನೊಂದರ ನಿದ್ದೆಗಣ್ಣಲ್ಲಿ ‘ಕೊನೆಗೆ ಎರಡೂ ಕಡೆಯವರು ರಾಜೀನಾಮೆ ಕೊಟ್ಟರು’ ಅಂತ ಟೈಪಿಸಿ ಮಲಗಿಬಿಟ್ಟೆ. ಬೆಳಿಗ್ಗೆ ಓದಿದ ಹೆಂಡತಿ, ‘ಅಲ್ರೀ, ಕಂಪನಿನೂ ರಾಜೀನಾಮೆ ಕೊಟ್ರ ವಿಮಾನ ಯಾರ್ ಹಾರಸ್ತಾರ?’ ಅಂದಳು.

ತಪ್ಪು ನನ್ನದೇ, ಹಿಂದಿಯಲ್ಲಿ ರಾಜೀನಾಮಾ ಅಂದರೆ ರಾಜಿ, ಕೆಲಸ ಬಿಡುವುದಲ್ಲ. ಆದರೆ ಆಮೇಲೆ ಯೋಚಿಸಿದರೆ ಹಿಂದಿಯವರದೇ ಸರಿ ಅನ್ನಿಸಿತು. ‘ರಾಜೀ’ ಅಂದರೆ ಒಪ್ಪಿದವ, ಸಂತೋಷಪಟ್ಟವ. ‘ನಾಮಾ’ ಅಂದರೆ ಪತ್ರ. ಎರಡೂ ಸೇರಿದರೆ ಒಪ್ಪಿಗೆಯ ಪತ್ರ. ಬೈಲಹೊಂಗಲದ ಕಡೆಯ ನಮ್ಮ ಅಜ್ಜನ ಕಬ್ಬಿಣದ ಪೆಟ್ಟಿಗೆಯಲ್ಲಿ ಒಂದು ಖರೇದಿ ಪತ್ರ ಇದೆ, ಮಡಿಕೆಯ ಗುಂಟ ಹರಿದು ನಾಲ್ಕು ತುಂಡಾಗಿದೆ. ಅದರಲ್ಲಿ ‘ರಾಜೀಖುಷಿಯಿಂದ ಬರೆದುಕೊಟ್ಟದ್ದು’ ಅಂತಲೇ ಇದೆ. ಅಲ್ಲಿ ‘ರಾಜೀ’ ಮನಸ್ಸಿದ್ದು ಒಪ್ಪಿದ್ದು. ಅದೇ ಪದಕ್ಕೆ ‘ನಾಮೆ’ ಹಚ್ಚಿದ ಕೂಡಲೇ ಕನ್ನಡದಲ್ಲಿ ನೌಕರಿ ಯಾಕೆ ಹೋಗುತ್ತದೆ?

ನನ್ನದೊಂದು ಊಹೆ ಇದೆ. ಬೆಳಗಾವಿ ಮುಂಬೈ ಇಲಾಖೆಯಲ್ಲಿದ್ದ ಕಾಲದ ಕಂದಾಯ ದಫ್ತರಗಳಲ್ಲಿ ‘ರಾಜೀನಾಮೆ–ಕಬೂಲಾಯತ್’ ಅನ್ನುವುದು ಜೋಡಿ ಪದ. ಹೊಲ ಹಿಡಿದವನು ಅದನ್ನು ಬಿಡುವಾಗ ಬರೆದುಕೊಡುವುದು ರಾಜೀನಾಮೆ, ಹೊಸಬ ಅದನ್ನು ವಹಿಸಿಕೊಳ್ಳುವಾಗ ಬರೆದುಕೊಡುವುದು ಕಬೂಲಾಯತ್. ಹೊಲ ಬಿಡುವ ಪತ್ರವೇ ಮುಂದೆ ಕುರ್ಚಿ ಬಿಡುವ ಪತ್ರ ಆಗಿರಬಹುದೇ? ತೆಲುಗಿನಲ್ಲೂ ರಾಜೀನಾಮಾ ಅಂದರೆ ಕೆಲಸ ಬಿಡುವುದೇ, ಅವರು ಮುಂಬೈ ಇಲಾಖೆಯವರಲ್ಲ. ಹಾಗಾಗಿ ನನ್ನ ಊಹೆ ತುಸು ಅಲ್ಲಾಡುತ್ತದೆ.

ಇನ್ನು ಮುಖ್ಯ ತೊಡಕು. 2009ರ ನವೆಂಬರಿನಲ್ಲಿ ಹೀಥ್ರೂದಿಂದ ಹೊರಡುವ ದೂರದ ವಿಮಾನಗಳಲ್ಲಿ ಕಂಪನಿ ಸಿಬ್ಬಂದಿ ಕಡಿಮೆ ಮಾಡಿತು. ಯುನೈಟ್ ಸಂಘದವರು 2010ರಲ್ಲಿ ಒಟ್ಟು 22 ದಿನ ಕೆಲಸ ನಿಲ್ಲಿಸಿದರು. ಕೆಲಸ ನಿಲ್ಲಿಸಿದವರ ರಿಯಾಯಿತಿ ಪ್ರಯಾಣದ ಸವಲತ್ತನ್ನು ಕಂಪನಿ ಕಿತ್ತುಕೊಂಡಿತು. 2011ರ ಮೇ ತಿಂಗಳಲ್ಲಿ ಮಾತು ಕುದುರಿತು, ಜೂನಿನಲ್ಲಿ ಸದಸ್ಯರು ಮತ ಹಾಕಿ ಒಪ್ಪಿದರು. ಪ್ರಯಾಣದ ಸವಲತ್ತು ವಾಪಸ್ ಬಂತು. ಆದರೆ ಸಿಬ್ಬಂದಿ ಕಡಿತ ಹಾಗೇ ಉಳಿಯಿತು, ಕಡಿಮೆ ಪಗಾರದ ಹೊಸ ನೇಮಕಾತಿಯೂ ಹಾಗೇ ಉಳಿಯಿತು. ಇದನ್ನು ಏನಂತ ಕರೆಯುವುದು?

‘ಒಪ್ಪಂದ’ ಬರೆಯಬಹುದು. ಆದರೆ ಒಪ್ಪಂದ ಅಂದಾಗ ನಮ್ಮ ಕಿವಿಗೆ ಕೋರ್ಟಿನಲ್ಲಿ ನಿಲ್ಲುವ ಕರಾರು ಕೇಳಿಸುತ್ತದೆ. ನಮ್ಮಲ್ಲಿ 1947ರ ಕೈಗಾರಿಕಾ ವಿವಾದ ಕಾಯ್ದೆಯ 18ನೇ ಕಲಮಿನ ಪ್ರಕಾರ, ಸಂಧಾನಾಧಿಕಾರಿಯ ಮುಂದೆ ಆದ ಇತ್ಯರ್ಥ ಸಂಘದಲ್ಲಿ ಇಲ್ಲದವರನ್ನೂ ನಾಳೆ ಕೆಲಸಕ್ಕೆ ಸೇರುವವರನ್ನೂ ಕಟ್ಟಿಹಾಕುತ್ತಿತ್ತು. ಬ್ರಿಟನ್ನಿನಲ್ಲಿ ಉಲ್ಟಾ. ಕಾನೂನಿನ ಬಲ ಉಂಟು ಅಂತ ಪತ್ರದಲ್ಲೇ ಬರೆದುಕೊಳ್ಳದಿದ್ದರೆ, ಸಂಘ–ಕಂಪನಿ ನಡುವಿನ ಸಾಮೂಹಿಕ ಒಪ್ಪಂದಕ್ಕೆ ಕೋರ್ಟು ಕೈಹಾಕುವುದಿಲ್ಲ. ಅದು ಹೆಚ್ಚುಕಡಿಮೆ ಮಾತು ಕೊಟ್ಟ ಹಾಗೆ. ಹಾಗಾಗಿ ಅಜ್ಜನ ಪತ್ರದ ಅರ್ಥದಲ್ಲಿ ‘ರಾಜಿ’ಯೇ ಸರಿಯಾಗಿ ಕೂರುತ್ತದೆ. ಸಮಸ್ಯೆ ಏನೆಂದರೆ ಮಾಸಿಕದ ಓದುಗರೆಲ್ಲ ‘ರಾಜಿರಹಿತ ಹೋರಾಟ’ ಅಂತ ಬ್ಯಾನರ್ ಹಿಡಿದು ಬೆಳೆದವರು. ‘ಸಂಘ ರಾಜಿಯಾಯಿತು’ ಅಂದರೆ ಮುಖಂಡರು ಒಳಗಿಂದೊಳಗೆ ಏನೋ ತಿಂದರು ಅಂತಲೇ ಓದುತ್ತಾರೆ.

ಬಾಗಲಕೋಟೆ ಕಡೆಯ ನಮ್ಮ ಅತ್ತೆ ‘ಬದುವಿನ ತಂಟಿ ಹರೀತು’ ಅನ್ನುತ್ತಾರೆ. ಸಾಲವೂ ಹರಿಯುತ್ತದೆ, ಲೆಕ್ಕವೂ ಹರಿಯುತ್ತದೆ. ‘ಬಗೆಹರಿ’ಯ ಒಳಗಿರುವುದೂ ಅದೇ ಹರಿ. ಕೇಳಲು ಚೆಂದ, ಆದರೆ ನನಗೆ ಬೇಕಾದದ್ದು ನಾಮಪದ. ‘ಹರಿವು’ ಅಂದರೆ ಘಟಪ್ರಭೆಗೆ ನೀರು ಬಂತು ಅಂದುಕೊಳ್ಳುತ್ತಾರೆ. ‘ಒಪ್ಪಂದ ಹರಿಯಿತು’ ಅಂದರೆ ಇರುವುದೂ ಕಿತ್ತುಹೋಯಿತು!

ಇದರ ಜೊತೆಗೇ ಇನ್ನೊಂದು. ಬೆಳಗಾವಿಯಲ್ಲಿ ಬಾಯಿಮಾತಿಗೆ ‘ಮುಷ್ಕರ’ಕ್ಕಿಂತ ಮರಾಠಿಯ ‘ಸಂಪ’ವೇ ಹತ್ತಿರ. 2021ರ ಕೊನೆಯಲ್ಲಿ ಮಹಾರಾಷ್ಟ್ರದ ಬಸ್ಸುಗಳು ನಿಂತಾಗ ಇಲ್ಲಿ ಎಲ್ಲರ ಬಾಯಲ್ಲೂ ‘ಎಸ್‌ಟಿ ಸಂಪ’. ಗುಜರಾತಿಯಲ್ಲಿ ಇದೇ ಸಂಪ ಅಂದರೆ ಒಗ್ಗಟ್ಟು, ಹೊಂದಾಣಿಕೆ. ‘ಮುಷ್ಕರ’ಕ್ಕೆ ಮೊದಲಿನ ಅರ್ಥ ಹಟ, ಮೊಂಡುತನ, ತೆಲುಗು ಪತ್ರಿಕೆಗಳು ಉಗ್ರಗಾಮಿಗಳನ್ನು ‘ಮುಷ್ಕರುಲು’ ಅನ್ನುತ್ತವೆ. ಮುಷ್ಕರ ಅಂತ ಹೆಸರಿಟ್ಟವನು ಮಾಲೀಕನ ಕಡೆಯವನೇ ಇರಬೇಕು ಅಂತ ನನಗೆ ಗುಮಾನಿ. ಕಾರ್ಮಿಕ ಪತ್ರಿಕೆಯಲ್ಲಿ ‘ಸಂಪ’ ಬಳಸಿದರೆ ದಾವಣಗೆರೆಯಿಂದಾಚೆ ನೀರಿನ ಸಂಪು ಅಂದುಕೊಳ್ಳುವ ಭಯ, ಅದಕ್ಕೆ ಬಿಟ್ಟೆ.

(‘ಗಗನಸಖಿ’ಯನ್ನೂ ಬಿಟ್ಟಿದ್ದೇನೆ. ಸಿಬ್ಬಂದಿಯಲ್ಲಿ ಗಂಡಸರೂ ಇದ್ದಾರೆ, ‘ಗಗನಸಖ’ ಬರೆಯಲು ಕೈ ಬರಲಿಲ್ಲ.)

ಕೇಳುವುದು ಇಷ್ಟು. ವಿಜಯಪುರ, ಇಂಡಿ, ಜಮಖಂಡಿ ಕಡೆಯ ಹಿರಿಯರ ಬಾಯಲ್ಲಿ ‘ರಾಜೀನಾಮೆ’ ತಂಟೆ ಮುಗಿಸಿದ ಪತ್ರ ಅನ್ನುವ ಅರ್ಥದಲ್ಲಿ ಯಾರಾದರೂ ಕೇಳಿದ್ದೀರಾ? ಸೋಲನ್ನೂ ಗೆಲುವನ್ನೂ ಹೇಳದೆ, ಇಬ್ಬರೂ ಒಂದಿಷ್ಟು ಬಿಟ್ಟು ಕೂತೆದ್ದರು ಅನ್ನುವುದಕ್ಕೆ ನಿಮ್ಮ ಕಡೆ ಹೆಸರೇನು? ಪತ್ರಿಕೆ 20ನೇ ತಾರೀಖಿಗೆ ಅಚ್ಚಿಗೆ ಹೋಗುತ್ತದೆ. ಸದ್ಯಕ್ಕೆ ಆ ಜಾಗದಲ್ಲಿ ಮೂರು ಚುಕ್ಕಿ ಇಟ್ಟಿದ್ದೇನೆ.